ಕರು ಕೇಳಿದ ಪ್ರಶ್ನೆ

ಕಳೆದ ತಿಂಗಳು ನಮ್ಮ ಬೀದಿಯ ತರುಣರೊಬ್ಬರು ಸಂಜೆಯ ಹೊತ್ತಿನಲ್ಲಿ ನಮ್ಮ ಮನೆಗೆ ಬಂದಿದ್ದರು. ವೃತ್ತಿಯಿಂದ ಇಂಜಿನಿಯರು, ಸುಸಂಸ್ಕೃತರು, ಐದು ವರ್ಷದ ಮಗನ ತಂದೆ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವರು ತುಸು ಸಂಕೋಚದಿಂದಲೇ ಒಂದು ಮಾತನ್ನು ಮುಂದಿಟ್ಟರು. "ಸಾರ್, ನೀವು ಕನ್ನಡದ ಮೇಷ್ಟ್ರು, ತಪ್ಪು ತಿಳಿಯಬೇಡಿ. ನಮ್ಮ ತಾಯಿ ಊರಿಂದ ಬಂದಾಗಲೆಲ್ಲ ಮೊಮ್ಮಗನನ್ನು ಕೂರಿಸಿಕೊಂಡು ಮಾತನಾಡುವ ಹುಲಿ, ಹಾರುವ ಕುದುರೆ, ಏಳು ಸಮುದ್ರದಾಚೆಯ ರಾಕ್ಷಸ ಎಂದು ಕಥೆ ಹೇಳುತ್ತಾರೆ. ಹುಡುಗ ಅದನ್ನೆಲ್ಲ ನಂಬಿಬಿಡುತ್ತಾನೆ. ಇಲ್ಲದ್ದನ್ನು ಇದೆ ಎಂದು ಹೇಳಿ ಮಗುವನ್ನು ಬೆಳೆಸುವುದು ಸರಿಯೇ? ಅದೇ ಹೊತ್ತಿನಲ್ಲಿ ನಾಲ್ಕು ನಿಜವಾದ ಸಂಗತಿ ಹೇಳಿಕೊಟ್ಟರೆ ಮುಂದೆ ಉಪಯೋಗಕ್ಕೆ ಬರುವುದಿಲ್ಲವೇ?"

ಪ್ರಶ್ನೆ ಪ್ರಾಮಾಣಿಕವಾದುದು. ಮಗನ ಮೇಲಿನ ಅಕ್ಕರೆಯಿಂದಲೇ ಹುಟ್ಟಿದ ಪ್ರಶ್ನೆ. ಆದರೆ ಅಂದು ನಾನು ಕೊಟ್ಟ ಉತ್ತರ ಪಂಡಿತನ ಉತ್ತರವಾಗಿತ್ತು. ಪಂಚತಂತ್ರವನ್ನು ನೆನಪಿಸಿದೆ. ಓದು ಹತ್ತದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುತ್ತೇನೆಂದು ಹೊರಟ ವಿಷ್ಣುಶರ್ಮನು ಶಾಸ್ತ್ರಗ್ರಂಥವನ್ನು ಬಿಚ್ಚದೆ ನರಿ, ಕಾಗೆ, ಆಮೆಗಳ ಕಥೆಗಳನ್ನು ಬಿಚ್ಚಿದನೆಂದು ಹೇಳಿದೆ. 1031ರ ಸುಮಾರಿಗೇ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಆ ಕಥೆಗಳನ್ನು ವಸುಭಾಗನ ಪರಂಪರೆಯಿಂದ ಕನ್ನಡಕ್ಕೆ ತಂದನೆಂದೂ, ಯುದ್ಧ ಮತ್ತು ಸಂಧಿಗಳ ಕಾರ್ಯಭಾರವನ್ನು ಹೊತ್ತ ಮಂತ್ರಿಯೊಬ್ಬನಿಗೆ ಮೃಗಪಕ್ಷಿಗಳ ಕಥೆ ಹೇಳುವುದು ಅಲ್ಪಕಾರ್ಯವಾಗಿ ತೋರಲಿಲ್ಲವೆಂದೂ ವಿವರಿಸಿದೆ. ಅವರು ಸೌಜನ್ಯದಿಂದ ತಲೆದೂಗಿ, ಕಾಫಿ ಕುಡಿದು ಹೊರಟುಹೋದರು. ನನ್ನ ಉತ್ತರ ಅವರಿಗೆ ಸಮಾಧಾನ ತರಲಿಲ್ಲವೆಂಬುದು ಅವರು ಚಪ್ಪಲಿ ಮೆಟ್ಟಿಕೊಳ್ಳುವಾಗಲೇ ನನಗೆ ಗೊತ್ತಾಯಿತು. ಏಕೆಂದರೆ ಅದು ನನಗೂ ಸಮಾಧಾನ ತಂದಿರಲಿಲ್ಲ. ಕಥೆಯಿಂದ ನೀತಿ ಬರುತ್ತದೆ, ಜಾಣತನ ಬರುತ್ತದೆ ಎಂದರೆ, ನೀತಿಯನ್ನೂ ಜಾಣತನವನ್ನೂ ನೇರವಾಗಿಯೇ ಹೇಳಿಕೊಡಬಹುದಲ್ಲ ಎಂದು ಅವರು ಕೇಳಬಹುದಾಗಿತ್ತು, ಕೇಳಲಿಲ್ಲ, ಅಷ್ಟೆ. ಅಂದು ನಾನು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಇಡಲು ಯತ್ನಿಸುತ್ತೇನೆ. ಅದಕ್ಕಾಗಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಸ್ವಂತದ ಮಾತಿಗೆ ಶ್ರೋತೃಗಳ ಕ್ಷಮೆಯಿರಲಿ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಮನೆಯ ಹಿಂದೆ ತೆಂಗಿನ ತೋಟ, ಮುಂದೆ ಜಗಲಿ, ಜಗಲಿಯಿಂದ ಕಾಣುವಷ್ಟು ದೂರದಲ್ಲಿ ಬಸ್ಸು ನಿಲ್ಲುವ ಅರಳೀಕಟ್ಟೆ. 1966ರಲ್ಲಿ, ನನಗೆ ಏಳು ತುಂಬಿದ ವರ್ಷ, ನಮ್ಮ ತಾಯಿ ಹೆರಿಗೆಗೆಂದು ಪಟ್ಟಣದ ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ. ನನಗೆ ಈ ಸಂಗತಿಯನ್ನು ಯಾರೂ ಹೇಳಲಿಲ್ಲ. ಕರ್ಮಾಂತರದ ದಿನಗಳಲ್ಲಿ ನನ್ನನ್ನು ಪಕ್ಕದೂರಿನ ನಂಟರ ಮನೆಗೆ ಕಳಿಸಿದ್ದರು. ಹಿಂತಿರುಗಿ ಬಂದು ಕೇಳಿದಾಗ, "ಅಮ್ಮ ತೌರಿಗೆ ಹೋಗಿದ್ದಾಳೆ, ಬರುತ್ತಾಳೆ" ಎಂದರು. ಹಾಗೆಂದವರು ಯಾರೂ ಕೆಟ್ಟವರಲ್ಲ. ಏಳು ವರ್ಷದ ಹುಡುಗನಿಗೆ ಈ ದುಃಖ ತಟ್ಟದಿರಲಿ ಎಂಬ ಸದುದ್ದೇಶ ಅವರದು. ನಾನು ಪ್ರತಿದಿನ ಸಂಜೆ ಜಗಲಿಯ ಮೇಲೆ ಕುಳಿತು ಐದು ಗಂಟೆಯ ಬಸ್ಸು ನೋಡುತ್ತಿದ್ದೆ. ಇಳಿಯುವವರಲ್ಲಿ ಅಮ್ಮ ಇರುತ್ತಿರಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಒಳಗೆ ಬಂದು ಸುಮ್ಮನೆ ಊಟ ಮಾಡಿ ಮಲಗುತ್ತಿದ್ದೆ. ಹುಡುಗ ಅಳುವುದೇ ಇಲ್ಲ, ಎಷ್ಟು ಗಟ್ಟಿ ಎಂದು ಬಂದವರೆಲ್ಲ ಹೊಗಳುತ್ತಿದ್ದರು.

ಮನೆಯಲ್ಲಿ ನಮ್ಮ ಸೋದರತ್ತೆ ಇದ್ದರು; ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದಿದ್ದವರು. ಅಕ್ಷರ ಬಾರದು. ಆದರೆ ಗೋವಿನ ಹಾಡು ಮೊದಲಿನಿಂದ ಕೊನೆಯವರೆಗೆ ಬಾಯಲ್ಲಿತ್ತು. ರಾತ್ರಿ ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಸ್ವಲ್ಪ ಹಾಡಿ ಸ್ವಲ್ಪ ಮಾತಿನಲ್ಲಿ ಹೇಳಿ, ಆ ಕಥೆಯನ್ನು ಸಾಗಿಸುತ್ತಿದ್ದರು. ಕನ್ನಡಿಗರಿಗೆ ಆ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಾಳಿಂಗನೆಂಬ ಗೊಲ್ಲನ ಮಂದೆಯ ಹಸು ಪುಣ್ಯಕೋಟಿ ಹಸಿದ ಹುಲಿಯ ಕೈಗೆ ಸಿಕ್ಕುತ್ತದೆ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಮಾತು ಕೊಟ್ಟು ದೊಡ್ಡಿಗೆ ಬರುತ್ತದೆ. ಕರುವಿನಿಂದ ಬೀಳ್ಕೊಂಡು ಕೊಟ್ಟ ಮಾತಿನಂತೆ ಗವಿಯ ಬಾಗಿಲಿಗೆ ಮರಳುತ್ತದೆ. ಅದರ ಸತ್ಯಕ್ಕೆ ಬೆರಗಾದ ಹುಲಿ ಪಶ್ಚಾತ್ತಾಪದಿಂದ ತಾನೇ ಪ್ರಾಣ ಬಿಡುತ್ತದೆ. ಶಾಲೆಗಳಲ್ಲಿ ಇದನ್ನು ಸತ್ಯದ ಕಥೆಯೆಂದು ಪಾಠ ಹೇಳುತ್ತೇವೆ. ನನಗೆ ಆಗ ಸತ್ಯದ ಗೊಡವೆಯಿರಲಿಲ್ಲ. ನಾನು ಕಾಯುತ್ತಿದ್ದುದು ಕಥೆಯ ನಡುವಿನ ಒಂದು ಎಡೆಗಾಗಿ. ತಾಯಿ ಇನ್ನು ಬರುವುದಿಲ್ಲವೆಂದು ತಿಳಿದ ಕರು ತನ್ನ ಮುಂದಿನ ದಿನಗಳ ಬಗೆಗೆ ಒಂದರ ಮೇಲೊಂದು ಪ್ರಶ್ನೆ ಕೇಳುತ್ತದೆ. ಹಾಲಿನ ಪ್ರಶ್ನೆ, ಮಲಗುವ ತಾವಿನ ಪ್ರಶ್ನೆ, ತನಗೆ ಇನ್ನು ಯಾರು ಎಂಬ ಪ್ರಶ್ನೆ. ಅತ್ತೆ ಅಲ್ಲಿಗೆ ಬಂದ ಕೂಡಲೆ ನಾನು ಅಳುತ್ತಿದ್ದೆ. ಹಗಲೆಲ್ಲ ಗಟ್ಟಿಯಾಗಿದ್ದ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅತ್ತೆ ಕಥೆಯನ್ನು ಮುಂದುವರಿಸಿದರೆ, "ಕರು ಕೇಳಿದ್ದು ಇನ್ನೊಂದು ಸಲ ಹೇಳು" ಎಂದು ಹಿಂದಕ್ಕೆ ಎಳೆಯುತ್ತಿದ್ದೆ.

ಒಂದು ರಾತ್ರಿ ನಮ್ಮ ತಂದೆ ನಡುಮನೆಯಿಂದಲೇ, "ಅಕ್ಕ, ಆ ಹಾಡು ಬೇಡ, ಬೇರೆ ಏನಾದರೂ ಹೇಳು, ಮಗು ಅಳುತ್ತೆ" ಎಂದರು. ಅತ್ತೆ, "ಅಳಲಿ ಬಿಡು. ಅಳೋದಕ್ಕೆ ಅವನಿಗೆ ಬೇರೆ ಜಾಗ ಎಲ್ಲಿ ಕೊಟ್ಟಿದ್ದೀಯ ನೀನು?" ಎಂದರು. ತಂದೆ ಮತ್ತೆ ಮಾತನಾಡಲಿಲ್ಲ.

ಹೀಗೆ ಎಷ್ಟು ರಾತ್ರಿಗಳು ಕಳೆದುವೋ ಲೆಕ್ಕವಿಲ್ಲ. ಒಂದು ದಿನ ಕಥೆ ಮುಗಿದ ಮೇಲೆ ನಾನು ಕೇಳಿದೆನಂತೆ: "ಅತ್ತೆ, ಪುಣ್ಯಕೋಟಿ ತಿರುಗಿ ಬಂದಳು. ಅಮ್ಮ ಬರೋದಿಲ್ಲ, ಅಲ್ಲವಾ?" ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಇಲ್ಲ ಕಂದ, ಬರೋದಿಲ್ಲ" ಎಂದರು. ಮರುದಿನ ಸಂಜೆ ನಾನು ಬಸ್ಸು ನೋಡಲು ಜಗಲಿಗೆ ಹೋಗಲಿಲ್ಲ.

ಈಗ ನನ್ನ ಇಂಜಿನಿಯರ್ ಮಿತ್ರರ ಪ್ರಶ್ನೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅಮ್ಮ ತೌರಿಗೆ ಹೋಗಿದ್ದಾಳೆ ಎಂಬ ಮಾತಿನಲ್ಲಿ ಅಸಂಭವವಾದುದು ಏನೂ ಇರಲಿಲ್ಲ. ತೌರು ಇತ್ತು, ಬಸ್ಸು ಇತ್ತು, ಹೆಂಗಸರು ತೌರಿಗೆ ಹೋಗುವುದೂ ಬರುವುದೂ ಲೋಕರೂಢಿ. ಆದರೂ ಅದು ಸುಳ್ಳು. ಹಸು ಮಾತನಾಡಿತು ಎಂಬುದು ಆಗದ ಹೋಗದ ಮಾತು. ಆದರೆ ನನಗೆ ಆಗ ತಿಳಿಯಬೇಕಾಗಿದ್ದ ನಿಜ ದೊರೆತದ್ದು ಆ ಹಸುವಿನ ಕಡೆಯಿಂದಲೇ. ಮಗುವಿನ ದೃಷ್ಟಿಯಿಂದ ನಿಜ ಮತ್ತು ಸುಳ್ಳುಗಳ ನಡುವಣ ಗೆರೆ ನಾವು ಎಳೆಯುವ ಸ್ಥಳದಲ್ಲಿಯೇ ಇರುತ್ತದೆ ಎಂದು ಭಾವಿಸುವುದು ತಪ್ಪು.

ಇದು ಹೇಗೆ ಸಾಧ್ಯವಾಯಿತು? ನಾನು ಈ ಪ್ರಶ್ನೆಯನ್ನು ಅನೇಕ ವರ್ಷ ಯೋಚಿಸಿದ್ದೇನೆ. ದೊಡ್ಡವರಿಗೆ ದುಃಖ ಬಂದರೆ ಅದಕ್ಕೊಂದು ಹೆಸರು ಗೊತ್ತಿರುತ್ತದೆ. ಇದು ಶೋಕ, ಇದು ಮತ್ಸರ, ಇದು ಭಯ ಎಂದು ಗುರುತಿಸಿ ಯಾರೊಡನೆಯಾದರೂ ಹೇಳಿಕೊಳ್ಳುತ್ತೇವೆ. ಮಗುವಿಗೆ ಭಾವ ಮೊದಲು ಬರುತ್ತದೆ, ಹೆಸರು ಬಹಳ ತಡವಾಗಿ ಬರುತ್ತದೆ. ಹೆಸರಿಲ್ಲದ ಭಾವ ಹೊಟ್ಟೆನೋವಾಗಿ, ಹಟವಾಗಿ, ರಾತ್ರಿಯ ಬೆದರಿಕೆಯಾಗಿ, ಕೆಲವೊಮ್ಮೆ ನನ್ನಲ್ಲಿ ಆದಂತೆ ಅತಿಯಾದ ಮೌನವಾಗಿ ಹೊರಬೀಳುತ್ತದೆ. ಕಥೆ ಆ ಭಾವಕ್ಕೆ ಒಂದು ಆಕಾರವನ್ನು ಕೊಡುತ್ತದೆ. ಅದೂ ಮಗುವಿನ ಮೈಮೇಲೆ ಹೊರಿಸದೆ, ಒಂದು ಮಾರು ದೂರದಲ್ಲಿ ನಿಲ್ಲಿಸಿ ತೋರಿಸುತ್ತದೆ. ನನ್ನ ಪ್ರಶ್ನೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕರು ನನ್ನ ಪರವಾಗಿ ಕೇಳಿತು. ಪ್ರತಿರಾತ್ರಿ ಅದು ಕೇಳುವುದನ್ನು ಕೇಳಿ ಕೇಳಿ, ಕೊನೆಗೆ ನಾನೇ ಕೇಳುವಷ್ಟು ಬಲ ನನಗೆ ಬಂದಿತು. ಕಥೆಯಲ್ಲಿ ಆದದ್ದಕ್ಕೂ ನಮ್ಮ ಮನೆಯಲ್ಲಿ ಆದದ್ದಕ್ಕೂ ಇದ್ದ ವ್ಯತ್ಯಾಸವನ್ನು ಗುರುತಿಸಿದವನು ನಾನೇ ಎಂಬುದನ್ನೂ ಗಮನಿಸಬೇಕು. ಕಥೆಯನ್ನು ನಂಬುವ ಮಗು ಕಥೆಯಲ್ಲಿ ಕಳೆದುಹೋಗುವುದಿಲ್ಲ.

ಇಂಗ್ಲೆಂಡಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ ಅವರು 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ಮನಮುಟ್ಟುವಂತೆ ಚರ್ಚಿಸಿದ್ದಾರೆ. ಅವರ ಪ್ರಕಾರ ಮಗುವಿನ ಅಂತರಂಗಕ್ಕೂ ಹೊರಗಿನ ಲೋಕಕ್ಕೂ ನಡುವೆ ಒಂದು ಮೂರನೆಯ ಪ್ರದೇಶವಿದೆ. ಆಟ ನಡೆಯುವುದು ಅಲ್ಲಿ. ಬಟ್ಟೆಯ ಗೊಂಬೆಗೆ ಜ್ವರ ಬಂದಿದೆ ಎಂದು ಮಗು ಹೇಳಿದಾಗ, ಇದು ನಿಜವಾಗಿ ಇದೆಯೋ ನೀನು ಕಲ್ಪಿಸಿಕೊಂಡದ್ದೋ ಎಂದು ತಿಳಿವಳಿಕೆಯುಳ್ಳ ತಾಯಿ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳದಿರುವುದೇ ಆ ಪ್ರದೇಶವನ್ನು ಕಾಪಾಡುವ ವಿಧಾನ. ದೊಡ್ಡವರ ಕಲೆ, ಕಾವ್ಯ, ಧರ್ಮಗಳೂ ಅಲ್ಲಿಂದಲೇ ಬೆಳೆಯುತ್ತವೆ ಎಂಬುದು ಅವರ ವಿಚಾರ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಬ್ರೂನೋ ಬೆಟಲ್‌ಹೈಮ್ 1976ರಲ್ಲಿ ಅಜ್ಜಿಕಥೆಗಳನ್ನೇ ಕುರಿತು ಒಂದು ಪುಸ್ತಕ ಬರೆದು, ತಾಯಿತಂದೆಯರು ತನ್ನನ್ನು ಬಿಟ್ಟುಹೋದಾರು ಎಂಬ ಅಂಜಿಕೆ, ಒಡಹುಟ್ಟಿದವರ ಮೇಲಣ ಹೊಟ್ಟೆಕಿಚ್ಚು ಇವು ಮಗುವಿನೊಳಗೆ ಇದ್ದೇ ಇರುತ್ತವೆಂದೂ, ಕಥೆಯ ಕಾಡು ಮತ್ತು ರಾಕ್ಷಸರಲ್ಲಿ ಮಗು ಅವನ್ನು ಎದುರಿಸುತ್ತದೆಂದೂ ವಾದಿಸಿದರು. ಅವರ ವಿವರಣೆಗಳಲ್ಲಿ ಎಷ್ಟನ್ನೋ ಮುಂದಿನವರು ಪ್ರಶ್ನಿಸಿದ್ದಾರೆ, ಪ್ರಶ್ನಿಸಬೇಕಾದುದೇ. ಆದರೆ ಮೂಲದ ಮಾತು ನಮ್ಮ ಅತ್ತೆಯಂಥವರಿಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು.

ಅವರಿಗೆ ಗೊತ್ತಿದ್ದದ್ದು ಎಂ.ಎ. ಓದಿದ ನನಗೆ ಗೊತ್ತಿರಲಿಲ್ಲ ಎಂಬುದಕ್ಕೂ ಒಂದು ನಿದರ್ಶನ ಹೇಳುತ್ತೇನೆ. 1993ರಲ್ಲಿ ನನ್ನ ಮಗಳಿಗೆ ಐದು ವರ್ಷ. ಅವಳಿಗೆ ಅದೇ ಪುಣ್ಯಕೋಟಿಯ ಕಥೆ ಹೇಳುವಾಗ, ಕೊನೆಯಲ್ಲಿ ಹುಲಿ ಸಾಯುವುದು ಎಳೆಯ ಮನಸ್ಸಿಗೆ ಕಠೋರವೆಂದು ನನಗೆ ತೋರಿತು. ಹುಲಿ ಒಳ್ಳೆಯದಾಯಿತು, ಹಸುವಿಗೆ ನಮಸ್ಕಾರ ಮಾಡಿ ಗವಿಯೊಳಗೆ ಹೋಯಿತು ಎಂದು ತಿದ್ದಿದೆ. ನನ್ನ ಕರುಣೆಗೆ ನಾನೇ ಮೆಚ್ಚಿಕೊಂಡಿರಬೇಕು. ಮಗಳು ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪ, ಹಾಗಾದರೆ ಹುಲಿ ನಾಳೆ ಏನು ತಿನ್ನುತ್ತೆ?" ಎಂದಳು. ಹಣ್ಣು ತಿನ್ನುತ್ತದೆ ಎಂದೆ. ಅವಳು ನಂಬಲಿಲ್ಲ. ಆ ರಾತ್ರಿ ಎರಡು ಸಲ ಎದ್ದು ಬಾಗಿಲ ಚಿಲಕ ಹಾಕಿದೆಯೇ ಎಂದು ಕೇಳಿದಳು. ಮರುದಿನವೂ ಅದೇ ಪಾಡು. ಅತ್ತೆ ಆಗ ನಮ್ಮೊಡನೆಯೇ ಇದ್ದರು. ವಿಷಯ ತಿಳಿದು ನನ್ನನ್ನು ಗದರಿಸಿದರು. "ಹುಲಿಯನ್ನ ಹಸಿದ ಹೊಟ್ಟೇಲಿ ಹಾಗೇ ಬಿಟ್ಟು ಬಂದಿದ್ದೀಯ. ಮಗು ಹೇಗೆ ನಿದ್ದೆ ಮಾಡೀತು?" ಮೂರನೆಯ ರಾತ್ರಿ ಅವರು ತಾವೇ ಕೂತು, ಇದ್ದ ಕಥೆಯನ್ನು ಇದ್ದಂತೆಯೇ ಹೇಳಿದರು. ಮಗಳು ಹುಲಿಗಾಗಿ ಸ್ವಲ್ಪ ಅತ್ತಳು. ಆಮೇಲೆ ನಿದ್ದೆ ಹೋದಳು.

ನಾನು ಕಲಿತದ್ದಿಷ್ಟು. ಮಗು ಹೆದರುವುದು ಭಯಂಕರವಾದುದಕ್ಕಲ್ಲ, ಮುಗಿಯದೆ ಉಳಿದದ್ದಕ್ಕೆ. ಕಥೆಯ ಹುಲಿಗೆ ಒಂದು ಆದಿಯಿದೆ, ಒಂದು ಅಂತ್ಯವಿದೆ. ಹೇಳುವವರ ಮಗ್ಗುಲು ಬೆಚ್ಚಗಿದೆ. ಊಟ ಮಾಡದಿದ್ದರೆ ಗುಮ್ಮ ಹಿಡಿದುಕೊಂಡು ಹೋಗುತ್ತಾನೆ ಎನ್ನುತ್ತೇವಲ್ಲ, ಆ ಗುಮ್ಮನಿಗೆ ಕಥೆಯಿಲ್ಲ. ಅವನು ಎಲ್ಲಿಂದ ಬಂದ, ಕೊನೆಗೆ ಏನಾದ ಎಂದು ಯಾರೂ ಹೇಳುವುದಿಲ್ಲ. ಅವನು ಕದದ ಹಿಂದೆ ಸದಾ ನಿಂತೇ ಇರುತ್ತಾನೆ. ಮಗುವನ್ನು ಅಂಕೆಯಲ್ಲಿಡಲು ಬಳಸುವ ಭಯ ಬೇರೆ. ಭಯವನ್ನು ದಾಟಲು ಕಲಿಸುವ ಕಥೆ ಬೇರೆ. ಎರಡನ್ನೂ ಒಂದೇ ಎಂದು ಎಣಿಸಿ ಕಥೆಗಳನ್ನೇ ದೂರುವವರು ಈ ಭೇದವನ್ನು ಗಮನಿಸಬೇಕು. ಹಾಗೆಂದು ಎಲ್ಲ ಮಕ್ಕಳಿಗೂ ಒಂದೇ ಕಥೆ ಮದ್ದಾಗುತ್ತದೆ ಎಂದೇನೂ ಅಲ್ಲ. ಒಂದು ಕಥೆ ಬೇಡವೆಂದು ಮಗು ಕಿವಿ ಮುಚ್ಚಿಕೊಂಡರೆ ಅಲ್ಲಿಗೆ ನಿಲ್ಲಿಸುವುದೇ ವಿವೇಕ.

ಕಥೆಗಳನ್ನು ಹೊಗಳುವ ಭರದಲ್ಲಿ ಅವುಗಳಿಂದ ಆಗುವ ಕೇಡನ್ನು ಮರೆಮಾಚುವುದು ಸಲ್ಲದು. ನಮ್ಮ ತಾಯಿ ತೀರಿಕೊಂಡ ಎರಡು ವರ್ಷಕ್ಕೆ ತಂದೆಯವರು ಮತ್ತೆ ಮದುವೆಯಾದರು. ಚಿಕ್ಕಮ್ಮ ಮನೆಗೆ ಬಂದಾಗ ನಾನು ಸಾಕಷ್ಟು ಕಥೆಗಳಲ್ಲಿ ಪಳಗಿದ್ದೆ. ಮಲತಾಯಿ ಏನು ಮಾಡುತ್ತಾಳೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಕೊಟ್ಟ ಹಾಲನ್ನು ಮೊದಲು ಬೆಕ್ಕಿಗೆ ಸ್ವಲ್ಪ ಹಾಕಿ, ಬೆಕ್ಕು ಬದುಕಿದ್ದರೆ ಮಾತ್ರ ಕುಡಿಯುತ್ತಿದ್ದೆ. ಚಿಕ್ಕಮ್ಮ ಅದನ್ನು ಕಂಡೂ ಕಾಣದಂತೆ ಇದ್ದರು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ, "ನಿನಗೆ ಕಥೆ ಬಹಳ ಬರುತ್ತಂತೆ, ನನಗೂ ಒಂದು ಹೇಳಪ್ಪ" ಎಂದರು. ನಾನು ಬೇಕೆಂದೇ ಮಲತಾಯಿಯೊಬ್ಬಳು ಮಗನಿಗೆ ವಿಷವಿಕ್ಕಿದ ಕಥೆಯನ್ನು ಹೇಳಿದೆ. ಅವಳಿಗೆ ಶಿಕ್ಷೆಯಾದ ಭಾಗವನ್ನು ವಿಸ್ತರಿಸಿಯೇ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಮೊರದಿಂದ ತಲೆಯೆತ್ತದೆ, "ಪಾಪ, ಅವಳಿಗೆ ಆಗ ಎಷ್ಟು ವರ್ಷ?" ಎಂದು ಕೇಳಿದರು.

ನನಗೆ ಉತ್ತರ ತಿಳಿಯಲಿಲ್ಲ. ನಾನು ಕೇಳಿದ್ದ ಯಾವ ಕಥೆಯಲ್ಲಿಯೂ ಮಲತಾಯಿಗೆ ವಯಸ್ಸಿರಲಿಲ್ಲ, ತೌರಿರಲಿಲ್ಲ, ಹೆಸರೂ ಇರಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಆಗ ಹತ್ತೊಂಬತ್ತು ವರ್ಷ. ಮರುದಿನ ನಾನು ಬೆಕ್ಕನ್ನು ಕರೆಯದೆ ಹಾಲು ಕುಡಿದೆ. ಒಂದು ಕಥೆ ನನ್ನ ಕಣ್ಣಿಗೆ ಕಟ್ಟಿದ್ದ ಪಟ್ಟಿಯನ್ನು ಒಂದು ಪ್ರಶ್ನೆ ಬಿಚ್ಚಿತು. ಆದುದರಿಂದ ಕೆಟ್ಟ ಕಥೆಗೆ ಮದ್ದು ಕಥೆಯೇ ಇಲ್ಲದಿರುವುದಲ್ಲ. ಅದೇ ಕಥೆಯನ್ನು ಇನ್ನೊಬ್ಬರ ಕಡೆಯಿಂದ ನೋಡಲು ಮಗುವಿಗೆ ಬಿಡುವುದು. ಮಗುವಿನಿಂದ ಕಥೆ ಹೇಳಿಸುವುದು. ನಡುನಡುವೆ ಸಣ್ಣದೊಂದು ಪ್ರಶ್ನೆ ಕೇಳುವುದು. ಇನ್ನೊಬ್ಬರ ಒಳಗು ಹೇಗಿದ್ದೀತು ಎಂದು ಊಹಿಸಬಲ್ಲ ಶಕ್ತಿಗೇ ಅಲ್ಲವೇ ನಾವು ಕಲ್ಪನೆ ಎನ್ನುವುದು? ಹಾರುವ ಕುದುರೆಯನ್ನು ಕಾಣಬಲ್ಲ ಕಣ್ಣೇ ಎದುರಿಗೆ ಕುಳಿತವರ ನೋವನ್ನೂ ಕಾಣಬೇಕು. ಅದಕ್ಕೆ ಬೇರೆ ಕಣ್ಣಿಲ್ಲ.

ಕಲ್ಪನೆ ಎಂಬುದು ಹೊಟ್ಟೆ ತುಂಬಿದವರ ವಿಲಾಸ, ಕಷ್ಟದಲ್ಲಿರುವ ಮಗುವಿಗೆ ಮೊದಲು ಅನ್ನ ಮತ್ತು ಔಷಧ ಬೇಕು ಎಂದು ವಾದಿಸುವವರುಂಟು. ಅನ್ನ, ಔಷಧ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ವಾದವನ್ನು ಕೇಳಿದಾಗಲೆಲ್ಲ ನನಗೆ ಪೋಲೆಂಡಿನ ಯಾನುಷ್ ಕೊರ್ಚಾಕ್ ನೆನಪಾಗುತ್ತಾರೆ. ಅವರು ವೈದ್ಯರು, ಮಕ್ಕಳಿಗಾಗಿ ಕಥೆ ಬರೆದವರು, ವಾರ್ಸಾ ನಗರದಲ್ಲಿ ಯಹೂದಿ ಅನಾಥಮಕ್ಕಳ ಆಶ್ರಮವನ್ನು ನಡೆಸುತ್ತಿದ್ದವರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಕೇರಿಯೊಳಗೆ ಕೂಡಿಹಾಕಿದಾಗ ಆ ಆಶ್ರಮವೂ ಒಳಸೇರಿತು. ಹಸಿವು, ರೋಗ, ಬೀದಿಯಲ್ಲಿ ಹೆಣಗಳು. ಅಂಥ ಸ್ಥಳದಲ್ಲಿ, 1942ರ ಜುಲೈ 18ರಂದು, ಆ ಮಕ್ಕಳು ಒಂದು ನಾಟಕವನ್ನು ಆಡಿದರು. ಅದು ನಮ್ಮ ರವೀಂದ್ರನಾಥ ಠಾಕೂರರ 'ಡಾಕ್‌ಘರ್'. ಕಾಯಿಲೆಯಿಂದ ಕೋಣೆಯಲ್ಲೇ ಉಳಿಯಬೇಕಾದ ಅಮಲ್ ಎಂಬ ಬಾಲಕ ಕಿಟಕಿಯ ಬಳಿ ಕುಳಿತು, ದಾರಿಯಲ್ಲಿ ಹೋಗುವ ಮೊಸರಿನವನನ್ನು, ಕಾವಲುಗಾರನನ್ನು, ಹೂ ಕೊಯ್ಯುವ ಹುಡುಗಿಯನ್ನು ಮಾತನಾಡಿಸುತ್ತಾ, ಕಾಣದ ಊರುಗಳನ್ನು ಮನಸ್ಸಿನಲ್ಲಿಯೇ ಕಾಣುತ್ತಾ, ರಾಜನಿಂದ ತನಗೊಂದು ಕಾಗದ ಬರುವುದೆಂದು ಕಾಯುವ ನಾಟಕ. ಕೊನೆಯಲ್ಲಿ ರಾಜವೈದ್ಯ ಬಂದು ಮುಚ್ಚಿದ್ದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ಬಾಲಕ ನಿದ್ದೆ ಹೋಗುತ್ತಾನೆ.

ನಾಟಕವಾಗಿ ಮೂರು ವಾರ ತುಂಬುವುದರೊಳಗೆ, ಆಗಸ್ಟ್ ಮೊದಲ ವಾರದಲ್ಲಿ, ಸುಮಾರು ಇನ್ನೂರು ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ಮರಣಶಿಬಿರಕ್ಕೆ ಸಾಗಿಸಿದರು. ತಾವೊಬ್ಬರೇ ಪಾರಾಗುವ ಅವಕಾಶವಿದ್ದರೂ ಕೊರ್ಚಾಕ್ ಮಕ್ಕಳನ್ನು ಬಿಡದೆ ಅವರೊಡನೆಯೇ ಹೋದರು. ನಾಟಕ ಯಾರನ್ನೂ ಉಳಿಸಲಿಲ್ಲ. ಕಥೆ ಪ್ರಾಣ ಉಳಿಸುತ್ತದೆ ಎಂದು ಹೇಳಿದರೆ ಆ ಮಕ್ಕಳ ನೆನಪಿಗೆ ಅಪಚಾರ ಮಾಡಿದಂತೆ. ಆದರೆ ಮಕ್ಕಳ ಹಸಿವನ್ನು ಯಾರಿಗಿಂತಲೂ ಹೆಚ್ಚಾಗಿ ಬಲ್ಲ, ಅವರ ರೊಟ್ಟಿಗಾಗಿ ದಿನವೂ ಬೀದಿ ಬೀದಿ ಅಲೆಯುತ್ತಿದ್ದ ಆ ಮುದಿ ವೈದ್ಯರು ರೊಟ್ಟಿಯ ಜೊತೆಗೆ ಒಂದು ಕಥೆಯೂ ಬೇಕೆಂದು ನಿರ್ಧರಿಸಿದರು. ಮುಚ್ಚಿದ ಕೋಣೆಯಲ್ಲಿದ್ದ ಮಕ್ಕಳಿಗೆ ಮುಚ್ಚಿದ ಕೋಣೆಯ ಬಾಲಕನನ್ನೇ ಕೊಟ್ಟರು. ಅವರಿಂದ ನಿಜವನ್ನು ಮರೆಸಲು ಆ ನಾಟಕವನ್ನು ಆರಿಸಿಕೊಳ್ಳಲಿಲ್ಲ ಎಂಬುದು ಸ್ಪಷ್ಟ. ನಮ್ಮ ಅತ್ತೆ ಇಂಥ ಹೆಸರುಗಳನ್ನು ಕೇಳಿದವರಲ್ಲ. ಆದರೂ ತಾಯಿಯಿಲ್ಲದ ಮಗುವಿಗೆ ತಾಯಿಯನ್ನು ಕಳೆದುಕೊಳ್ಳುವ ಕರುವಿನ ಕಥೆಯನ್ನು ಹೇಳಿದ ಅವರ ಕೆಲಸವೂ ಆ ಕೆಲಸವೂ ಒಂದೇ ಜಾತಿಯವು ಎಂದು ನನ್ನ ನಂಬಿಕೆ.

ನಮ್ಮ ಹಿರಿಯ ಲೇಖಕರಿಗೂ ಇದು ತಿಳಿದಿತ್ತು. ಪಂಜೆ ಮಂಗೇಶರಾಯರು, ಕುವೆಂಪು, ಶಿವರಾಮ ಕಾರಂತ, ಜಿ. ಪಿ. ರಾಜರತ್ನಂ ಇವರೆಲ್ಲ ಮಕ್ಕಳಿಗಾಗಿ ಬರೆಯುವುದು ತಮ್ಮ ಘನತೆಗೆ ಕುಂದೆಂದು ಭಾವಿಸಲಿಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ದಲ್ಲಿ ಬರುವ ಉಪಾಧ್ಯಾಯ, ಗದ್ದಲದ ತರಗತಿಯನ್ನು ಮೊದಲ ದಿನ ಮೌನದ ಆಟದಿಂದ ಹಿಡಿಯಲು ಹೋಗಿ ಸೋತು, ಮರುದಿನ ಕಥೆ ಹೇಳಿ ಗೆಲ್ಲುತ್ತಾನೆ. ಪಾಠ ಆಮೇಲೆ ಬರುತ್ತದೆ. ಮೊದಲು ಮಗು ಮತ್ತು ಗುರುವಿನ ನಡುವೆ ಸ್ನೇಹ.

ಇಂದಿನ ಮಕ್ಕಳಿಗೆ ಕಥೆಯ ಕೊರತೆಯಿಲ್ಲ, ಕೈಯಲ್ಲಿರುವ ಫೋನಿನಲ್ಲಿಯೇ ಸಾವಿರ ಕಥೆಗಳಿವೆ ಎಂದು ನೀವು ಹೇಳಬಹುದು. ಇವೆ, ಅವುಗಳಲ್ಲಿ ಒಳ್ಳೆಯವೂ ಇವೆ. ನಾನು ಯಂತ್ರವನ್ನು ಹಳಿಯಲು ಬಂದವನಲ್ಲ. ಈ ಮಾತು ನಿಮ್ಮನ್ನು ಮುಟ್ಟುತ್ತಿರುವುದೂ ಒಂದು ಯಂತ್ರದ ಮೂಲಕವೇ. ಆದರೆ ಎರಡು ಭೇದಗಳಿವೆ. ಪರದೆಯ ಮೇಲಿನ ಹುಲಿಗೆ ಬಣ್ಣ, ಪಟ್ಟೆ, ದನಿ ಎಲ್ಲವನ್ನೂ ಬೇರೆ ಯಾರೋ ಕೊಟ್ಟಾಗಿರುತ್ತದೆ. ಅತ್ತೆ ಹೇಳಿದ ಹುಲಿಯನ್ನು ಅಷ್ಟಷ್ಟಾಗಿ ನಾನೇ ಮಾಡಿಕೊಳ್ಳಬೇಕಾಗಿತ್ತು, ಆದ್ದರಿಂದ ನನಗೆ ತಾಳಲಾರದಷ್ಟು ದೊಡ್ಡ ಹುಲಿಯನ್ನು ನಾನು ಮಾಡಿಕೊಳ್ಳುತ್ತಿರಲಿಲ್ಲ. ಎರಡನೆಯದು ಇನ್ನೂ ಮುಖ್ಯ. ಕರು ಕೇಳಿದ್ದನ್ನು ಇನ್ನೊಂದು ಸಲ ಹೇಳು ಎಂದರೆ ಯಂತ್ರವೂ ಹೇಳೀತು. ಆದರೆ "ಅಮ್ಮ ಬರೋದಿಲ್ಲ, ಅಲ್ಲವಾ?" ಎಂದು ಕೇಳಿದಾಗ, ಬಹಳ ಹೊತ್ತು ಸುಮ್ಮನಿದ್ದು, ಕತ್ತಲಲ್ಲಿ ಕೈ ಹಿಡಿದು ಉತ್ತರ ಹೇಳಲು ಒಬ್ಬ ಮನುಷ್ಯರು ಬೇಕು.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದುವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಕಥೆ ಮತ್ತು ಹಾಡು ಒಂದು ದಿನ ಹೊರಬಿದ್ದು, ಕಥೆ ಒಂದು ಜೊತೆ ಪಾದರಕ್ಷೆಯಾಗಿ, ಹಾಡು ಗಂಡಸಿನ ಅಂಗಿಯಾಗಿ ಮನೆಯ ಹೊರಗೆ ಕಾಣಿಸಿಕೊಂಡುವು. ಗಂಡನಿಗೆ ಸಂಶಯ, ಮನೆಯಲ್ಲಿ ಜಗಳ. ಹೇಳದೆ ಉಳಿದ ಕಥೆ ಸುಮ್ಮನಿರುವುದಿಲ್ಲ, ಮನೆಯ ನೆಮ್ಮದಿಯನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆ ನಮ್ಮ ಜನಕ್ಕಿತ್ತು. ಗಿರೀಶ ಕಾರ್ನಾಡರು 'ನಾಗಮಂಡಲ' ನಾಟಕದ ಆರಂಭದಲ್ಲಿ ಈ ಕಥೆಯನ್ನು ಬಳಸಿಕೊಂಡಿದ್ದಾರೆ. ಮಕ್ಕಳಿಗೆ ಹೇಳದೆ ಉಳಿಸಿದ ಮಾತುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂದು ನನಗೆ ತೋರುತ್ತದೆ.

ಈ ಮಾತುಗಳನ್ನು ಬರೆದು ಮುಗಿಸಿದ ಮೇಲೆ ನಾನು ಆ ತರುಣ ಮಿತ್ರರನ್ನು ಮತ್ತೆ ಕಂಡು ಬಂದೆ. ನಿಮ್ಮ ತಾಯಿಯವರು ಕಥೆ ಹೇಳುವಾಗ ತಡೆಯಬೇಡಿ, ಬಿಡುವಾದಾಗ ನೀವೂ ಪಕ್ಕದಲ್ಲಿ ಕುಳಿತು ಕೇಳಿ ಎಂದೆ. ಹುಡುಗ ಇದು ನಿಜವೇ ಎಂದು ಕೇಳಿದ ದಿನ, ಇದು ಕಥೆ ಎಂದು ನೇರವಾಗಿ ಹೇಳಿ. ಅಷ್ಟು ಹೇಳಿದರೆ ಅವನ ಹಾರುವ ಕುದುರೆ ಕುಂಟುವುದಿಲ್ಲ. ಅವನು ಯಾವ ಕಥೆಯನ್ನು ಮತ್ತೆ ಮತ್ತೆ ಕೇಳುತ್ತಾನೆ, ಯಾವ ಎಡೆಯಲ್ಲಿ ನಿಲ್ಲಿಸುತ್ತಾನೆ ಎಂಬುದನ್ನು ಗಮನಿಸಿ. ಅವನು ನಿಮ್ಮೊಡನೆ ಹೇಳಲಾರದ ಮಾತು ಅಲ್ಲಿರಬಹುದು. ಕಥೆಯ ನೀತಿಯನ್ನು ಮಾತ್ರ ದಯವಿಟ್ಟು ವಿವರಿಸಹೋಗಬೇಡಿ.

ನಮ್ಮ ಅತ್ತೆ 2004ರಲ್ಲಿ ತೀರಿಕೊಂಡರು. ಗೋವಿನ ಹಾಡನ್ನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಮಾಡಿದ್ದರೂ, ಪುಣ್ಯಕೋಟಿ ತನ್ನ ಕರುವನ್ನು ಮಂದೆಯ ಇತರ ಹಸುಗಳ ವಶಕ್ಕೆ ಒಪ್ಪಿಸಿ, ನಿಮ್ಮದೆಂದೇ ನೋಡಿಕೊಳ್ಳಿ ಎಂದು ಬೇಡಿಕೊಳ್ಳುವ ಭಾಗವನ್ನು ನಾನು ಅಲಂಕಾರ, ಛಂದಸ್ಸುಗಳ ದೃಷ್ಟಿಯಿಂದಲೇ ವಿವರಿಸುತ್ತಿದ್ದೆ. ಅವರು ಹೋದ ಮೇಲೆ ಒಂದು ರಾತ್ರಿ ಹೊಳೆಯಿತು. ಕರುವಿನ ಪ್ರಶ್ನೆಗಳ ಬಳಿ ನಾನು ಅಳುತ್ತಿದ್ದಂತೆಯೇ, ಈ ಭಾಗಕ್ಕೆ ಬಂದಾಗ ಅತ್ತೆಯ ದನಿಯೂ ಪ್ರತಿರಾತ್ರಿ ತಗ್ಗುತ್ತಿತ್ತು. ಒಪ್ಪಿಸಿಕೊಂಡ ಹಸು ಅವರೇ ಆಗಿದ್ದರು. ಅದನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಕಥೆ ಹೇಳಿತು, ಕೇಳಿಸಿಕೊಳ್ಳಲು ನನಗೆ ನಲವತ್ತು ವರ್ಷ ಹಿಡಿಯಿತು.